ಎತ್ತಿಗೆ ಜ್ವರ, ಎಮ್ಮೆಗೆ ಬರೆ: ಮೆದುಳು ಜ್ವರದ ಸುದ್ದಿಯನ್ನು ಓದುವುದು ಹೇಗೆ?

2024ರ ಜುಲೈ ಕೊನೆಗೆ ಕೇಂದ್ರ ಆರೋಗ್ಯ ಸಚಿವಾಲಯ ಕೊಟ್ಟ ಲೆಕ್ಕದಲ್ಲಿ ಮೂರು ಅಂಕಿಗಳಿದ್ದವು. ಮೆದುಳಿನ ಉರಿಯೂತದ ಲಕ್ಷಣವಿದ್ದ ಪ್ರಕರಣಗಳು 148. ಅದರಲ್ಲಿ 140 ಗುಜರಾತಿನವು, ಉಳಿದವು ಅಕ್ಕಪಕ್ಕದ ರಾಜ್ಯಗಳವು. ಸಾವು 59. ಚಾಂದಿಪುರ ವೈರಸ್ ಎಂದು ಖಚಿತವಾದದ್ದು 51. ಯಾವ ಅಂಕಿಯನ್ನು ತಲೆಬರಹಕ್ಕೆ ಏರಿಸುತ್ತೀರಿ ಎಂಬುದರ ಮೇಲೆ ಸುದ್ದಿಯ ಬಣ್ಣವೇ ಬದಲಾಗುತ್ತದೆ. ಉಳಿದ 97 ಮಂದಿಗೆ ಬಂದದ್ದಾದರೂ ಏನು ಎಂದು ಕೇಳಿದರೆ ತಲೆಬರಹದಲ್ಲಿ ಉತ್ತರವಿರುವುದಿಲ್ಲ.

ಅದೇ ವರ್ಷ ನವೆಂಬರ್‌ನಲ್ಲಿ ದೆಹಲಿಯ 72 ವರ್ಷದ ವ್ಯಕ್ತಿಯೊಬ್ಬರಲ್ಲಿ ಜಪಾನೀಸ್ ಎನ್ಸೆಫಲೈಟಿಸ್, ಅಂದರೆ ವೈದ್ಯರು ಚುಟುಕಾಗಿ ಕರೆಯುವ ‘ಜೆಇ’ ಪತ್ತೆಯಾಯಿತು. ಇದು ಒಂಟಿ ಪ್ರಕರಣ, ಆತಂಕ ಬೇಡ ಎಂದು ಸರ್ಕಾರ ಹೇಳಿತು. ಇದರ ನಡುವೆಯೇ ಕೇರಳದಿಂದ ‘ಮೆದುಳು ತಿನ್ನುವ ಅಮೀಬಾ’ ಸುದ್ದಿ ಬರುತ್ತಿತ್ತು. ಬೆಂಗಳೂರಿನ ಓದುಗರ ಮಟ್ಟಿಗೆ ಇವೆಲ್ಲ ‘ಬ್ರೈನ್ ಫೀವರ್’ ಎಂಬ ಒಂದೇ ಬುಟ್ಟಿಗೆ ಬಿದ್ದವು. ಜೆಇಯನ್ನು ಸೊಳ್ಳೆ ತರುತ್ತದೆ, ಚಾಂದಿಪುರವನ್ನು ಮರಳು ನೊಣ, ಅಮೀಬಾ ಮೂಗಿನೊಳಗೆ ಹೋದ ನೀರಿನಿಂದ ಬರುತ್ತದೆ. ಬುಟ್ಟಿ ಒಂದೇ ಆದರೂ ಮಾಡಬೇಕಾದ ಕೆಲಸ ಮೂರು ಬಗೆಯದು.

ಇಂಥ ರೋಗ ಹರಡಿದಾಗ ವೈರಸ್ಸಿನ ಹೆಸರು ಸಿಗುವುದು ಕೊನೆಗೆ. ಅದು ಯಾವ ದಾರಿಯಲ್ಲಿ ಬಂತು ಎಂಬ ಸುಳಿವು ಅದಕ್ಕಿಂತ ಬಹಳ ಮೊದಲೇ ರೋಗಿಗಳ ಪಟ್ಟಿಯಲ್ಲಿ ಕಾಣಿಸಿಕೊಂಡಿರುತ್ತದೆ. ನಮ್ಮ ಚರ್ಚೆಗಳು ಆ ಪಟ್ಟಿಯನ್ನು ಬಿಟ್ಟು ಲ್ಯಾಬ್ ವರದಿಗೋ ಸೊಳ್ಳೆಗೆ ಹೊಗೆ ಹೊಡೆಯುವ ಗಾಡಿಗೋ ಕಾದು ಕೂರುತ್ತವೆ. ಗೊಂದಲ ಹುಟ್ಟುವುದು ಅಲ್ಲಿ.

ಹೆಸರಲ್ಲ, ಲಕ್ಷಣದ ಚೀಲ

ಆರೋಗ್ಯ ಇಲಾಖೆಯ ಪ್ರಕಟಣೆಗಳಲ್ಲಿ ‘ಎಇಎಸ್’ ಎಂಬ ಮೂರಕ್ಷರ ಕಾಣುತ್ತದೆ. ಅಕ್ಯೂಟ್ ಎನ್ಸೆಫಲೈಟಿಸ್ ಸಿಂಡ್ರೋಮ್, ಅಂದರೆ ದಿಢೀರನೆ ಬರುವ ಮೆದುಳಿನ ಉರಿಯೂತದ ಲಕ್ಷಣಗಳ ಗುಂಪು ಎಂಬುದರ ಮೊಟಕು ರೂಪ ಇದು. ಇದ್ದಕ್ಕಿದ್ದಂತೆ ಜ್ವರ ಬಂದು, ಜೊತೆಗೆ ಗೊಂದಲ, ಮಾತು ನಿಲ್ಲುವುದು, ಪ್ರಜ್ಞೆ ತಪ್ಪುವುದು ಅಥವಾ ಹೊಸದಾಗಿ ಫಿಟ್ಸ್ ಕಾಣಿಸಿಕೊಂಡರೆ, ಯಾವ ವಯಸ್ಸಿನವರೇ ಇರಲಿ, ವರ್ಷದ ಯಾವ ತಿಂಗಳೇ ಇರಲಿ, ಅವರನ್ನು ಎಇಎಸ್ ಪಟ್ಟಿಗೆ ಸೇರಿಸಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ ವ್ಯಾಖ್ಯಾನ. ಚಿಕ್ಕ ಮಕ್ಕಳಿಗೆ ಜ್ವರ ಏರಿದಾಗ ಬಂದುಹೋಗುವ ಸಾಮಾನ್ಯ ಫಿಟ್ಸ್ ಇದರಲ್ಲಿ ಸೇರುವುದಿಲ್ಲ.

ಈ ಬಲೆಯನ್ನು ಬೇಕೆಂದೇ ಅಗಲವಾಗಿ ಹೆಣೆಯಲಾಗಿದೆ. ಒಂದು ಜೆಇ ಪ್ರಕರಣವೂ ತಪ್ಪಿಹೋಗಬಾರದು ಎಂಬ ಉದ್ದೇಶ ಅದರ ಹಿಂದಿದೆ. ಹಾಗಾಗಿ ಜೆಇ, ಹರ್ಪಿಸ್, ಡೆಂಗಿ, ವೆಸ್ಟ್ ನೈಲ್, ಸ್ಕ್ರಬ್ ಟೈಫಸ್, ಕ್ಷಯದ ಮೆನಿಂಜೈಟಿಸ್, ಕೆಲವೊಮ್ಮೆ ವಿಷಪ್ರಾಶನವೂ ಈ ಬಲೆಗೆ ಬೀಳುತ್ತವೆ. ‘148 ಎಇಎಸ್’ ಎಂದರೆ 148 ಚಾಂದಿಪುರ ಅಲ್ಲ, ತನಿಖೆ ಆಗಬೇಕಾದ 148 ಜನ. ಅದರಲ್ಲಿ ಒಂದಷ್ಟಕ್ಕೆ ಹೆಸರು ಸಿಗುತ್ತದೆ, ಒಂದಷ್ಟು ‘ಕಾರಣ ತಿಳಿಯದ ಎಇಎಸ್’ ಎಂಬ ಕಾಲಂನಲ್ಲೇ ಉಳಿಯುತ್ತವೆ.

ಹೆಸರಿಗೆ ಕಾಯುತ್ತಾ ಕೂರಲು ವೈದ್ಯರಿಗೆ ಆಗುವುದಿಲ್ಲ. ಜೆಇ ವೈರಸ್ಸನ್ನು ಕೊಲ್ಲುವ ಔಷಧಿ ಇಲ್ಲ. ಫಿಟ್ಸ್ ತಡೆಯುವುದು, ಮೆದುಳಿನ ಒತ್ತಡ ಇಳಿಸುವುದು, ಉಸಿರಾಟಕ್ಕೆ ಆಸರೆ ಕೊಡುವುದು, ಚಿಕಿತ್ಸೆ ಎಂದರೆ ಇಷ್ಟೇ. ಆದರೆ ಹರ್ಪಿಸ್‌ಗೆ ಅಸೈಕ್ಲೊವಿರ್ ಇದೆ, ಸ್ಕ್ರಬ್ ಟೈಫಸ್‌ಗೆ ಅಗ್ಗದ ಡಾಕ್ಸಿಸೈಕ್ಲಿನ್ ಇದೆ. ಗುಣಪಡಿಸಬಹುದಾದ ಕಾಯಿಲೆ ಕೈತಪ್ಪಬಾರದೆಂದು ವರದಿ ಬರುವ ಮೊದಲೇ ಇವನ್ನು ಶುರು ಮಾಡುತ್ತಾರೆ. ಬಂಧುಗಳಿಗೆ ಇದು ‘ಡಾಕ್ಟರಿಗೇ ಏನೆಂದು ಗೊತ್ತಿಲ್ಲ’ ಎಂಬಂತೆ ಕಾಣುತ್ತದೆ. ವಾಸ್ತವದಲ್ಲಿ ಅದು ಲೆಕ್ಕ ಹಾಕಿ ಮಾಡಿದ ಕೆಲಸ.

ಗೋರಖ್‌ಪುರದ ಕಥೆ ಇದಕ್ಕೆ ಹೊಂದುತ್ತದೆ. 2005ರಲ್ಲಿ ಉತ್ತರ ಪ್ರದೇಶದ ಪೂರ್ವ ಭಾಗದಲ್ಲಿ 5,700ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದು 1,300ಕ್ಕೂ ಹೆಚ್ಚು ಮಂದಿ ಸತ್ತರು. ಮರುವರ್ಷ ಜೆಇ ಲಸಿಕೆ ಬಂತು, ಜೆಇ ಇಳಿಯಿತು. ಆದರೂ ಮಳೆಗಾಲ ಬಂದಾಗಲೆಲ್ಲ ಎಇಎಸ್ ವಾರ್ಡುಗಳು ತುಂಬುತ್ತಲೇ ಇದ್ದವು. ಆಮೇಲಿನ ಅಧ್ಯಯನಗಳಲ್ಲಿ ಅದರ ದೊಡ್ಡ ಪಾಲು ಸ್ಕ್ರಬ್ ಟೈಫಸ್ ಎಂದು ತಿಳಿಯಿತು. ಸೊಳ್ಳೆಗೂ ಅದಕ್ಕೂ ಸಂಬಂಧವೇ ಇಲ್ಲ. ಹುಲ್ಲು ಪೊದೆಗಳಲ್ಲಿರುವ ಕಣ್ಣಿಗೆ ಕಾಣದಷ್ಟು ಚಿಕ್ಕ ನುಸಿಯ ಮರಿ ಕಚ್ಚಿ ಬರುವ ಬ್ಯಾಕ್ಟೀರಿಯಾ ರೋಗ ಅದು.

ಬೆಳ್ಳಕ್ಕಿ, ಹಂದಿ, ಗದ್ದೆ

ಜೆಇ ವೈರಸ್ ಡೆಂಗಿ, ಝೀಕಾ, ವೆಸ್ಟ್ ನೈಲ್‌ಗಳ ದಾಯಾದಿ. ನಮ್ಮ ಮಲೆನಾಡಿನ ಮಂಗನ ಕಾಯಿಲೆಯ ವೈರಸ್ಸೂ ಅದೇ ಫ್ಲೇವಿವೈರಸ್ ಮನೆತನದ್ದು. ಜಪಾನಿನಲ್ಲಿ 1935ರಲ್ಲಿ ರೋಗಿಯೊಬ್ಬರ ಮೆದುಳಿನಿಂದ ಇದನ್ನು ಬೇರ್ಪಡಿಸಿದ್ದರಿಂದ ಆ ಹೆಸರು ಅಂಟಿಕೊಂಡಿತು. ಭಾರತದಲ್ಲಿ ಮೊದಲು ಗುರುತಿಸಿದ್ದು 1955ರಲ್ಲಿ, ನಮ್ಮ ಪಕ್ಕದ ವೆಲ್ಲೂರಿನಲ್ಲಿ. ದೊಡ್ಡ ಪ್ರಮಾಣದಲ್ಲಿ ಹರಡಿದ್ದು 1973ರಲ್ಲಿ ಪಶ್ಚಿಮ ಬಂಗಾಳದ ಬಾಂಕುರಾ, ಬರ್ಧಮಾನ್ ಜಿಲ್ಲೆಗಳಲ್ಲಿ. ಎಪ್ಪತ್ತರ ದಶಕದ ಕೊನೆಗೆ ಕೋಲಾರ ಜಿಲ್ಲೆಗೆ ಬಂತು. ಭಾರತ್ ಬಯೋಟೆಕ್ 2013ರಲ್ಲಿ ತಂದ ದೇಶೀ ಜೆಇ ಲಸಿಕೆಗೆ ಮೂಲವಾದ ವೈರಸ್ ಕೂಡ 1981ರಲ್ಲಿ ಕೋಲಾರದ ರೋಗಿಯಿಂದ ತೆಗೆದದ್ದೇ. ಹೀಗಾಗಿ ‘ಉತ್ತರ ಭಾರತದ ಕಾಯಿಲೆ’ ಎಂಬ ಮಾತನ್ನು ಬೆಂಗಳೂರಿನವರು ಆಡುವಂತಿಲ್ಲ. ಕೋಲಾರಕ್ಕೆ ಇಲ್ಲಿಂದ ಒಂದೂವರೆ ಎರಡು ಗಂಟೆಯ ದಾರಿ.

ಈ ವೈರಸ್ಸಿನ ಸಂಸಾರ ನಡೆಯುವುದು ಬೆಳ್ಳಕ್ಕಿ, ಬಕಗಳಂಥ ನೀರಹಕ್ಕಿಗಳಲ್ಲಿ ಮತ್ತು ಹಂದಿಗಳಲ್ಲಿ. ಒಂದರಿಂದ ಇನ್ನೊಂದಕ್ಕೆ ದಾಟಿಸುವ ಕೆಲಸ ಕ್ಯೂಲೆಕ್ಸ್ ಜಾತಿಯ ಸೊಳ್ಳೆಗಳದ್ದು, ಅದರಲ್ಲೂ ಭತ್ತದ ಗದ್ದೆಯಲ್ಲಿ ಮರಿ ಮಾಡುವ ಕ್ಯೂಲೆಕ್ಸ್ ಟ್ರೈಟೀನಿಯೊರಿಂಕಸ್‌ನದು. ಹಂದಿಯ ರಕ್ತದಲ್ಲಿ ಈ ವೈರಸ್ ಕೆಲವು ದಿನ ವಿಪರೀತ ಹೆಚ್ಚುತ್ತದೆ, ಆದರೆ ದೊಡ್ಡ ಹಂದಿ ಹೊರನೋಟಕ್ಕೆ ಆರೋಗ್ಯವಾಗಿಯೇ ಓಡಾಡಿಕೊಂಡಿರುತ್ತದೆ. ದನಗಳನ್ನೂ ಸೊಳ್ಳೆ ಕಚ್ಚುತ್ತದೆ, ಇಷ್ಟಪಟ್ಟೇ ಕಚ್ಚುತ್ತದೆ. ಆದರೆ ದನದ ಮೈಯಲ್ಲಿ ವೈರಸ್ ಬೆಳೆಯುವುದಿಲ್ಲ. ಕೊಟ್ಟಿಗೆಯ ಹಸು ಒಂದು ರೀತಿಯಲ್ಲಿ ಮನೆಯವರ ಪಾಲಿನ ಕಡಿತವನ್ನು ತಾನು ತಿನ್ನುತ್ತದೆ.

ಮನುಷ್ಯ ಈ ಕಥೆಯಲ್ಲಿ ಅಡ್ಡಬಂದ ದಾರಿಹೋಕ. ಅವನ ರಕ್ತದಲ್ಲಿ ವೈರಸ್ ಇನ್ನೊಂದು ಸೊಳ್ಳೆಗೆ ಅಂಟುವಷ್ಟು ಹೆಚ್ಚುವುದಿಲ್ಲ. ಈ ಒಂದು ಸಂಗತಿ ತಲೆಯಲ್ಲಿದ್ದರೆ ಸುದ್ದಿಯ ಅರ್ಧ ಗೊಂದಲ ಕಳೆಯುತ್ತದೆ. ಜೆಇ ರೋಗಿಯಿಂದ ಪಕ್ಕದ ಬೆಡ್‌ನವರಿಗೆ ಬರುವುದಿಲ್ಲ, ಮನೆಯವರಿಗೆ ಬರುವುದಿಲ್ಲ, ರೋಗಿಯನ್ನು ಕಚ್ಚಿದ ಸೊಳ್ಳೆಯಿಂದಲೂ ಬರುವುದಿಲ್ಲ. ಡೆಂಗಿಯ ಲೆಕ್ಕ ತಿರುವುಮುರುವು: ಅಲ್ಲಿ ರೋಗಿಯೇ ಸೊಳ್ಳೆಗೆ ವೈರಸ್ ಕೊಡುವ ಮೂಲ, ಹಾಗಾಗಿ ರೋಗಿಯ ಮನೆಯ ಸುತ್ತ ಔಷಧಿ ಹೊಡೆಯುವುದಕ್ಕೆ ಅರ್ಥವಿದೆ.

ಒಂದಕ್ಕೆ ಇನ್ನೂರೈವತ್ತು

ಜೆಇ ವೈರಸ್ ಮೈಗೆ ಹೊಕ್ಕವರಲ್ಲಿ ಸುಮಾರು 250ಕ್ಕೆ ಒಬ್ಬರಿಗೆ ಮಾತ್ರ ತೀವ್ರ ಕಾಯಿಲೆ ಬರುತ್ತದೆ. ಉಳಿದವರಿಗೆ ಏನೂ ಆಗುವುದಿಲ್ಲ, ಅಥವಾ ಬಂದುಹೋಗುವ ಜ್ವರ. ಆದರೆ ಆ ಒಬ್ಬರ ಪಾಡು ಕೆಟ್ಟದ್ದು. ಮೆದುಳಿಗೆ ಏರಿದವರಲ್ಲಿ ಶೇ 30ರವರೆಗೆ ಸಾಯುತ್ತಾರೆ. ಬದುಕಿದವರಲ್ಲಿ ಶೇ 20ರಿಂದ 30ರಷ್ಟು ಜನರಿಗೆ ಮಾತು, ನಡಿಗೆ, ನೆನಪು, ನಡವಳಿಕೆಯಲ್ಲಿ ಶಾಶ್ವತ ಊನ ಉಳಿಯುತ್ತದೆ.

ಈ 250ರ ಲೆಕ್ಕದಿಂದ ತನಿಖೆ ಮಾಡುವವರಿಗೆ ಎರಡು ಪಾಠ ಸಿಗುತ್ತವೆ. ಒಂದು, ತಾಲ್ಲೂಕೊಂದರಲ್ಲಿ ನಾಲ್ಕು ಜೆಇ ಪ್ರಕರಣ ಸಿಕ್ಕಿವೆ ಎಂದರೆ ಅಲ್ಲಿ ಹೆಚ್ಚುಕಡಿಮೆ ಸಾವಿರ ಜನರಿಗೆ ವೈರಸ್ ತಗಲಿದೆ ಎಂದರ್ಥ. ‘ಬರೀ ನಾಲ್ಕು’ ಎಂಬುದು ಸಮಾಧಾನದ ಮಾತಲ್ಲ. ಎರಡನೆಯದು ಇನ್ನೂ ಕುತೂಹಲದ್ದು. ಇಷ್ಟು ಅಪರೂಪಕ್ಕೆ ಕಾಯಿಲೆಯಾಗುವ ವೈರಸ್ ಒಂದೇ ಮನೆಯ ಇಬ್ಬರು ಮೂವರನ್ನು ಒಂದೇ ದಿನ ಕೆಡವುವುದು ಅಸಾಧ್ಯಕ್ಕೆ ಹತ್ತಿರ. ಜೆಇ ಚೆದುರಿ ಬರುತ್ತದೆ: ಈ ಹಳ್ಳಿಯಲ್ಲೊಂದು, ಆ ಹಳ್ಳಿಯಲ್ಲೊಂದು, ನಡುವೆ ಒಂದು ವಾರ. ಒಂದೇ ಮನೆಯಲ್ಲಿ ಅಕ್ಕತಮ್ಮಂದಿರು ಒಟ್ಟಿಗೆ ಪ್ರಜ್ಞೆ ತಪ್ಪಿದರೆ ಮೊದಲು ಅಡುಗೆಮನೆ, ಕೀಟನಾಶಕದ ಡಬ್ಬಿ, ಅವರು ತಿಂದದ್ದನ್ನು ನೋಡಬೇಕು. ಸೊಳ್ಳೆ ಆಮೇಲೆ.

ಬಿಹಾರದ ಮುಜಫ್ಫರ್‌ಪುರದಲ್ಲಿ ವರ್ಷಗಟ್ಟಲೆ ‘ಮೆದುಳು ಜ್ವರ’ ಎಂದೇ ಕರೆಯುತ್ತಿದ್ದ ಸಾವುಗಳ ಗಂಟು ಬಿಡಿಸಿಕೊಂಡದ್ದು ಇಂಥ ಸುಳಿವುಗಳಿಂದ. ಕಾಯಿಲೆ ಬರುತ್ತಿದ್ದುದು ಮಳೆಗೆ ಮುಂಚಿನ ಬಿಸಿಲಲ್ಲಿ, ಲಿಚಿ ಹಣ್ಣಿನ ಕಾಲದಲ್ಲಿ. ಮಕ್ಕಳು ರಾತ್ರಿ ಚೆನ್ನಾಗಿದ್ದು ನಸುಕಿನಲ್ಲಿ ಫಿಟ್ಸ್ ಬಂದು ಬೀಳುತ್ತಿದ್ದರು. ಹಲವರಿಗೆ ಜ್ವರವೇ ಇರಲಿಲ್ಲ, ರಕ್ತದ ಸಕ್ಕರೆ ಪಾತಾಳಕ್ಕಿಳಿದಿರುತ್ತಿತ್ತು. 2014ರಲ್ಲಿ ನಡೆಸಿ 2017ರಲ್ಲಿ ಪ್ರಕಟವಾದ ಅಧ್ಯಯನ ಲಿಚಿಯಲ್ಲಿರುವ ಹೈಪೊಗ್ಲೈಸಿನ್ ಎಂಬ ವಿಷ ಮತ್ತು ರಾತ್ರಿ ಊಟವಿಲ್ಲದ ಹೊಟ್ಟೆ, ಇವೆರಡೂ ಸೇರಿದ್ದನ್ನು ಎತ್ತಿ ತೋರಿಸಿತು. ತಿಂಗಳು, ಗಂಟೆ, ವಯಸ್ಸು, ಊಟ: ಇವನ್ನು ಬರೆದಿಡಲು ಸೂಕ್ಷ್ಮದರ್ಶಕ ಬೇಕಿಲ್ಲ, ತಾಳ್ಮೆಯ ಗುಮಾಸ್ತಿಕೆ ಸಾಕು. ಆರೋಗ್ಯ ಇಲಾಖೆಯ ಭಾಷೆಯಲ್ಲಿ ಇದರ ಹೆಸರು ‘ಲೈನ್ ಲಿಸ್ಟ್’.

ಮೊದಲು ನೆಗೆಟಿವ್, ಆಮೇಲೆ ಪಾಸಿಟಿವ್

ಸೋಮವಾರ ‘ಜೆಇ ಶಂಕೆ’, ಬುಧವಾರ ‘ಜೆಇ ಅಲ್ಲ’, ಮುಂದಿನ ವಾರ ‘ಜೆಇ ದೃಢ’. ಹೀಗೆ ಮಾತು ಬದಲಾದಾಗ ಏನೋ ಮುಚ್ಚಿಡುತ್ತಿದ್ದಾರೆ ಎಂದು ಜನರಿಗೆ ಅನ್ನಿಸುವುದು ಸಹಜ. ಕೆಲವೊಮ್ಮೆ ಮುಚ್ಚಿಡುವುದೂ ಉಂಟು. ಆದರೆ ಬಹಳ ಸಲ ಅದು ಪರೀಕ್ಷೆಯ ಗುಣ.

ರೋಗಿ ಆಸ್ಪತ್ರೆಗೆ ಬರುವ ಹೊತ್ತಿಗೆ ವೈರಸ್ ರಕ್ತದಿಂದ ಮಾಯವಾಗಿರುತ್ತದೆ. ಕೋವಿಡ್ ಕಾಲದಲ್ಲಿ ಎಲ್ಲರ ಬಾಯಲ್ಲಿದ್ದ ಆರ್‌ಟಿ-ಪಿಸಿಆರ್ ಇಲ್ಲಿ ಸಾಮಾನ್ಯವಾಗಿ ಕೈಕೊಡುತ್ತದೆ. ಹಾಗಾಗಿ ವೈರಸ್ಸನ್ನು ಹುಡುಕದೆ, ಅದರ ವಿರುದ್ಧ ದೇಹ ಹುಟ್ಟಿಸಿದ ಐಜಿಎಂ ಪ್ರತಿಕಾಯವನ್ನು ಎಲೈಸಾ ಪರೀಕ್ಷೆಯಿಂದ ಹುಡುಕುತ್ತಾರೆ. ಪ್ರತಿಕಾಯ ಹುಟ್ಟಲು ಸಮಯ ಬೇಕು. ಬೆನ್ನಿನಿಂದ ತೆಗೆದ ನೀರಿನಲ್ಲಿ, ಅಂದರೆ ಮೆದುಳು, ಬೆನ್ನುಹುರಿಯ ಸುತ್ತ ಇರುವ ದ್ರವದಲ್ಲಿ, ಅದು ಸಾಮಾನ್ಯವಾಗಿ ನಾಲ್ಕನೆಯ ದಿನದ ಹೊತ್ತಿಗೆ ಕಾಣಿಸುತ್ತದೆ, ರಕ್ತದಲ್ಲಿ ಒಂದು ವಾರವಾದರೂ ಕಳೆಯಬೇಕು. ಎರಡನೆಯ ದಿನವೇ ರಕ್ತ ಕೊಟ್ಟರೆ ‘ನೆಗೆಟಿವ್’ ಬರುತ್ತದೆ. ಆ ನೆಗೆಟಿವ್‌ಗೆ ‘ಇನ್ನೂ ಗೊತ್ತಿಲ್ಲ’ ಎಂದಷ್ಟೇ ಅರ್ಥ. ಹತ್ತು ದಿನ ಬಿಟ್ಟು ಮತ್ತೆ ಮಾದರಿ ತೆಗೆಯಬೇಕು, ಅಷ್ಟರಲ್ಲಿ ರೋಗಿ ಮನೆಗೆ ಹೋಗಿರುತ್ತಾರೆ ಅಥವಾ ತೀರಿಕೊಂಡಿರುತ್ತಾರೆ.

ಇನ್ನು ದಾಯಾದಿಗಳ ತಂಟೆ. ಡೆಂಗಿ, ವೆಸ್ಟ್ ನೈಲ್, ಜೆಇ ಪ್ರತಿಕಾಯಗಳ ಮುಖಚಹರೆ ಒಂದೇ ಥರ. ಬೆಂಗಳೂರಿನಂಥ ಡೆಂಗಿ ಊರಿನಲ್ಲಿ ಹಿಂದೆ ಡೆಂಗಿ ಬಂದುಹೋದವರ ರಕ್ತ ಜೆಇ ಪರೀಕ್ಷೆಯಲ್ಲಿ ಸುಳ್ಳು ಪಾಸಿಟಿವ್ ತೋರಿಸಬಹುದು. ಇತ್ತೀಚೆಗೆ ಜೆಇ ಲಸಿಕೆ ಹಾಕಿಸಿಕೊಂಡ ಮಗುವಿನ ರಕ್ತದಲ್ಲೂ ಐಜಿಎಂ ಸಿಗಬಹುದು. ಅದಕ್ಕೇ ಬೆನ್ನಿನ ನೀರಿಗೆ ಇಷ್ಟು ಬೆಲೆ. ಅಲ್ಲಿ ಐಜಿಎಂ ಸಿಕ್ಕರೆ ರೋಗ ಮೆದುಳಲ್ಲೇ ಇದೆ ಎನ್ನಲು ಗಟ್ಟಿ ಆಧಾರ. ಆದರೆ ಬೆನ್ನಿಗೆ ಸೂಜಿ ಚುಚ್ಚಿದರೆ ಕಾಲು ಬಿದ್ದುಹೋಗುತ್ತದೆ ಎಂಬ ಭಯ ನಮ್ಮಲ್ಲಿ ಆಳವಾಗಿದೆ. ಸೂಜಿ ಹಾಕುವುದು ಬೆನ್ನುಹುರಿ ಮುಗಿದ ಮೇಲಿನ ಕೆಳಭಾಗದಲ್ಲಿ. ಇದನ್ನು ಮನೆಯವರಿಗೆ ಐದು ನಿಮಿಷ ಕೂತು ವಿವರಿಸುವ ವ್ಯವಧಾನ ತುಂಬಿ ತುಳುಕುವ ವಾರ್ಡುಗಳಲ್ಲಿ ಇರುವುದಿಲ್ಲ. ಒಂದು ಸಹಿ ಸಿಗದೆ ಒಂದು ಪ್ರಕರಣ ಶಾಶ್ವತವಾಗಿ ‘ಕಾರಣ ತಿಳಿಯದ’ ಕಾಲಂಗೆ ಹೋಗುತ್ತದೆ.

ಈ ವಿಷಯದಲ್ಲಿ ಬೆಂಗಳೂರಿಗೆ ಅದೃಷ್ಟವಿದೆ. ದಕ್ಷಿಣ ಮತ್ತು ಆಗ್ನೇಯ ಏಷ್ಯಾದ ದೇಶಗಳಿಗೆ ಜೆಇ ಪರೀಕ್ಷೆಯ ಆಕರ ಪ್ರಯೋಗಾಲಯವಾಗಿ ಕೆಲಸ ಮಾಡಿದ ನಿಮ್ಹಾನ್ಸ್‌ನ ನ್ಯೂರೋವೈರಾಲಜಿ ವಿಭಾಗ ಹೊಸೂರು ರಸ್ತೆಯಲ್ಲೇ ಇದೆ. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯ ಘಟಕವೂ ನಗರದಲ್ಲಿದೆ. ಎಂಬತ್ತರ ದಶಕದ ಆರಂಭದಲ್ಲಿ ಕರ್ನಾಟಕದಲ್ಲಿ ಮೆದುಳು ಜ್ವರದಿಂದ ತೀರಿಕೊಂಡ ಮಕ್ಕಳ ಮೆದುಳಿನಲ್ಲಿ ವೆಸ್ಟ್ ನೈಲ್ ವೈರಸ್ಸನ್ನು ಹುಡುಕಿ ತೆಗೆದದ್ದು ಇಂಥ ಸಂಸ್ಥೆಗಳ ವಿಜ್ಞಾನಿಗಳು. ಸುತ್ತಲೂ ಜೆಇ ಇದ್ದ ಕಾಲದಲ್ಲಿ ‘ಇದೂ ಜೆಇ ಇರಬೇಕು’ ಎಂದು ಬಿಟ್ಟಿದ್ದರೆ ಆ ಸಂಗತಿ ಮಣ್ಣಾಗುತ್ತಿತ್ತು.

ತಪ್ಪು ಹೆಸರಿನ ಎರಡು ಕಥೆ

ಹೆಸರು ತಪ್ಪಾದರೆ ಎಷ್ಟು ನಷ್ಟ? ಎರಡು ಘಟನೆಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು.

1998ರ ಸೆಪ್ಟೆಂಬರ್‌ನಲ್ಲಿ ಮಲೇಷ್ಯಾದ ಹಂದಿ ಸಾಕಣೆ ಪ್ರದೇಶದಲ್ಲಿ ಮೆದುಳು ಜ್ವರ ಶುರುವಾಯಿತು. ಹಂದಿ ಇದೆ, ಸೊಳ್ಳೆ ಇದೆ, ಕೆಲವರ ಪರೀಕ್ಷೆಯೂ ಜೆಇ ಎಂದಿತು. ಲಸಿಕೆ ಹಾಕಿದರು, ಹೊಗೆ ಹೊಡೆದರು. ಕಾಯಿಲೆ ನಿಲ್ಲಲಿಲ್ಲ. ಪಟ್ಟಿ ಮಾತ್ರ ಬೇರೆಯೇ ಕಥೆ ಹೇಳುತ್ತಿತ್ತು. ಜೆಇ ಹೆಚ್ಚಾಗಿ ಕಾಡುವುದು ಮಕ್ಕಳನ್ನು, ಇಲ್ಲಿ ಬೀಳುತ್ತಿದ್ದವರು ಹಂದಿ ಫಾರ್ಮಿನಲ್ಲಿ ದುಡಿಯುವ ಗಟ್ಟಿಮುಟ್ಟಾದ ಗಂಡಸರು. ಲಸಿಕೆ ಹಾಕಿಸಿಕೊಂಡವರಿಗೂ ಬರುತ್ತಿತ್ತು. ಜೆಇ ತಗಲಿದ ಹಂದಿ ಕೆಮ್ಮುವುದಿಲ್ಲ, ಇಲ್ಲಿ ಹಂದಿಗಳು ಕೆಮ್ಮಿ ಕೆಮ್ಮಿ ಸಾಯುತ್ತಿದ್ದವು. 1999ರ ಮಾರ್ಚ್‌ನಲ್ಲಿ ಚುವಾ ಕಾವ್ ಬಿಂಗ್ ಎಂಬ ಯುವ ವೈದ್ಯ ವಿಜ್ಞಾನಿ ಹೊಸದೊಂದು ವೈರಸ್ ಕಂಡುಹಿಡಿದರು. ಅದೇ ನಿಪಾ. ಅದು ಸೊಳ್ಳೆಯಿಂದ ಬಂದದ್ದಲ್ಲ, ಹಂದಿಯ ಉಸಿರು ಮತ್ತು ಸ್ರಾವದಿಂದ ಬಂದದ್ದು. ಒಟ್ಟು 265 ಜನ ಕಾಯಿಲೆ ಬಿದ್ದು 105 ಮಂದಿ ಸತ್ತರು. ಹತ್ತು ಲಕ್ಷಕ್ಕೂ ಹೆಚ್ಚು ಹಂದಿಗಳನ್ನು ಕೊಲ್ಲಬೇಕಾಯಿತು. ಸೊಳ್ಳೆಯ ಹಿಂದೆ ಓಡಿದ ತಿಂಗಳುಗಳಲ್ಲಿ ಕೆಲಸಗಾರರು ಮುಖಗವಸೂ ಇಲ್ಲದೆ ಕಾಯಿಲೆಯ ಹಂದಿಗಳ ನಡುವೆ ದುಡಿಯುತ್ತಿದ್ದರು.

ಅದೇ 1999ರ ಆಗಸ್ಟ್‌ನಲ್ಲಿ ನ್ಯೂಯಾರ್ಕಿನ ಕ್ವೀನ್ಸ್ ಪ್ರದೇಶದ ಆಸ್ಪತ್ರೆಯ ಡೆಬೊರಾ ಆಸ್ನಿಸ್ ಎಂಬ ವೈದ್ಯೆ, ಸ್ನಾಯು ಸೋತು ಮೆದುಳು ಜ್ವರ ಬಂದಿದ್ದ ಇಬ್ಬರು ರೋಗಿಗಳ ಬಗ್ಗೆ ನಗರದ ಆರೋಗ್ಯ ಇಲಾಖೆಗೆ ಫೋನ್ ಮಾಡಿದರು. ಪರೀಕ್ಷೆ ‘ಸೇಂಟ್ ಲೂಯಿಸ್ ಎನ್ಸೆಫಲೈಟಿಸ್’ ಎಂದಿತು. ಅದೂ ಇದೇ ಫ್ಲೇವಿ ದಾಯಾದಿ, ಸೊಳ್ಳೆಯಿಂದ ಬರುವಂಥದ್ದು. ನಗರ ಔಷಧಿ ಸಿಂಪಡಣೆ ಶುರು ಮಾಡಿತು. ಅತ್ತ ಬ್ರಾಂಕ್ಸ್ ಮೃಗಾಲಯದ ಪಶುವೈದ್ಯ ತಜ್ಞೆ ಟ್ರೇಸಿ ಮೆಕ್‌ನಮಾರಾ ಸಾಯುತ್ತಿದ್ದ ಕಾಗೆಗಳನ್ನೂ ಮೃಗಾಲಯದ ಹಕ್ಕಿಗಳನ್ನೂ ನೋಡಿ, ಸೇಂಟ್ ಲೂಯಿಸ್ ವೈರಸ್ ಹಕ್ಕಿಗಳನ್ನು ಕೊಲ್ಲುವುದಿಲ್ಲವಲ್ಲ ಎಂದು ಪಟ್ಟು ಹಿಡಿದರು. ಸೆಪ್ಟೆಂಬರ್ ಕೊನೆಗೆ ಅದು ವೆಸ್ಟ್ ನೈಲ್ ಎಂದು ತಿಳಿಯಿತು, ಅಮೆರಿಕ ಖಂಡಕ್ಕೆ ಮೊದಲ ಸಲ ಬಂದದ್ದು. 62 ಪ್ರಕರಣ, 7 ಸಾವು.

ಎರಡೂ ಕಡೆ ಹೆಸರು ತಪ್ಪಿತ್ತು. ಆದರೆ ನ್ಯೂಯಾರ್ಕಿನಲ್ಲಿ ಮಾಡಿದ ಕೆಲಸ ತಪ್ಪಲಿಲ್ಲ, ಯಾಕೆಂದರೆ ಎರಡು ವೈರಸ್ಸುಗಳ ದಾರಿಯೂ ಕ್ಯೂಲೆಕ್ಸ್ ಸೊಳ್ಳೆಯೇ. ಮಲೇಷ್ಯಾದಲ್ಲಿ ದಾರಿಯೇ ತಪ್ಪಿತ್ತು. ‘ತನಿಖೆ ಮುಗಿಯುವವರೆಗೆ ಏನೂ ಮಾಡಬೇಡಿ’ ಎಂಬ ವಾದವೂ, ‘ತನಿಖೆ ಗಿನಿಖೆ ಆಮೇಲೆ, ಮೊದಲು ಹೊಗೆ ಹೊಡೀರಿ’ ಎಂಬ ವಾದವೂ ಇಲ್ಲಿ ಸೋಲುತ್ತವೆ.

ಆಸ್ಪತ್ರೆ ಇಲ್ಲಿ, ಸೊಳ್ಳೆ ಎಲ್ಲಿ?

ಬೆಂಗಳೂರಿನ ದೊಡ್ಡ ಆಸ್ಪತ್ರೆಗಳಿಗೆ ಕೋಲಾರ, ಚಿಕ್ಕಬಳ್ಳಾಪುರ, ಮಂಡ್ಯ, ರಾಮನಗರ, ತುಮಕೂರು ಮಾತ್ರವಲ್ಲ, ಆಂಧ್ರದ ಅನಂತಪುರ, ಚಿತ್ತೂರಿನಿಂದಲೂ ರೋಗಿಗಳು ಬರುತ್ತಾರೆ. ‘ಬೆಂಗಳೂರಿನಲ್ಲಿ ಮೆದುಳು ಜ್ವರಕ್ಕೆ ಬಾಲಕ ಬಲಿ’ ಎಂಬ ಸಾಲಿನಲ್ಲಿ ‘ಬೆಂಗಳೂರಿನಲ್ಲಿ’ ಎಂಬುದು ಬಲಿಗೆ ಸೇರಿದ್ದು, ಜ್ವರಕ್ಕೆ ಸೇರಿದ್ದಲ್ಲ. ವ್ಯಾಕರಣ ಇಲ್ಲಿ ರೋಗಶಾಸ್ತ್ರವೂ ಆಗುತ್ತದೆ.

ಸೊಳ್ಳೆ ಕಚ್ಚಿದ ಮೇಲೆ ಲಕ್ಷಣ ಕಾಣಿಸಿಕೊಳ್ಳಲು 5ರಿಂದ 15 ದಿನ ಬೇಕು. ಆದ್ದರಿಂದ ಆಧಾರ್ ಕಾರ್ಡಿನ ವಿಳಾಸದಿಂದ ಕೆಲಸವಾಗುವುದಿಲ್ಲ. ಕೇಳಬೇಕಾದದ್ದು ‘ಕಳೆದ ಎರಡು ವಾರ ರಾತ್ರಿ ಎಲ್ಲಿ ಮಲಗಿದ್ದರು?’ ಎಂದು. ಊರ ಹಬ್ಬಕ್ಕೆ ಹೋಗಿದ್ದರೇ, ಅಜ್ಜಿ ಮನೆಯಲ್ಲಿ ರಜೆ ಕಳೆದರೇ, ಯಾವುದೋ ಕಟ್ಟಡದ ಶೆಡ್ಡಿನಲ್ಲಿ ಇದ್ದರೇ? ಮದ್ದೂರಿನ ನಾಲೆ ಬಯಲಿನಲ್ಲಿ ನಾಟಿ ಹೊತ್ತಿಗೆ ನಾಲ್ಕು ರಾತ್ರಿ ಕಳೆದ ಮಗುವಿನ ಪ್ರಕರಣವನ್ನು ಪೀಣ್ಯದ ಲೆಕ್ಕಕ್ಕೆ ಬರೆದರೆ ಪೀಣ್ಯದ ಚರಂಡಿಗೆ ಔಷಧಿ ಬೀಳುತ್ತದೆ, ಮದ್ದೂರಿನ ಹಳ್ಳಿಗೆ ಸುದ್ದಿಯೂ ಮುಟ್ಟುವುದಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ.

ಇದು ಬರೀ ಉದಾಸೀನದಿಂದ ಆಗುವ ತಪ್ಪಲ್ಲ, ಆಡಳಿತದ ಗೆರೆಗಳಿಂದಲೂ ಆಗುತ್ತದೆ. 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಹೋಗಿ ಐದು ನಗರ ಪಾಲಿಕೆಗಳಾಗಿವೆ, ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ. ಪಕ್ಕದಲ್ಲಿ ಜಿಲ್ಲಾ ಆರೋಗ್ಯಾಧಿಕಾರಿಗಳು. ಹಂದಿಯ ರಕ್ತ ಪರೀಕ್ಷೆ ಪಶುಸಂಗೋಪನೆಯವರ ಕೆಲಸ, ಗದ್ದೆಯ ನೀರು ನೀರಾವರಿ ಮತ್ತು ಕೃಷಿ ಇಲಾಖೆಯವರದು. ‘ನಮ್ಮ ಪ್ರಕರಣ ಅಲ್ಲ’ ಎನ್ನಲು ಎಲ್ಲರಿಗೂ ಒಂದೊಂದು ನೆಪ ಸಿಗುತ್ತದೆ.

ಹಾಗಾದರೆ ನಗರದೊಳಗೆ ಜೆಇ ಬರುವುದೇ ಇಲ್ಲವೇ? ನಮ್ಮ ಮನೆಗಳಲ್ಲಿ ರಾತ್ರಿ ಕಿವಿಯ ಬಳಿ ಗುಂಯ್‌ಗುಡುವ ಚರಂಡಿ ಸೊಳ್ಳೆಯೂ ಕ್ಯೂಲೆಕ್ಸ್ ಜಾತಿಯದೇ, ಆದರೆ ಬೇರೆ ಬಗೆ. ಆನೆಕಾಲು ರೋಗ ಹರಡುವುದರಲ್ಲಿ ಅದು ನಿಸ್ಸೀಮ, ಜೆಇ ವಿಷಯದಲ್ಲಿ ಮುಖ್ಯ ಪಾತ್ರಧಾರಿಯಲ್ಲ. ಬೆಂಗಳೂರಿನ ಸುತ್ತ ಹಿಂದಿನಿಂದಲೂ ರಾಗಿ ಹೊಲವೇ ಹೆಚ್ಚು, ನಿಂತ ನೀರು ಬೇಡದ ರಾಗಿ ಜೆಇ ಸೊಳ್ಳೆಗೆ ತೊಟ್ಟಿಲಾಗುವುದಿಲ್ಲ. ಆದರೆ ನಗರದ ಅಂಚು ಬೇರೆ ಮಾತು. ಕಳೆ ತುಂಬಿದ ಕೆರೆ, ಅದರ ಮೇಲೆ ಬೆಳ್ಳಕ್ಕಿ ಹಿಂಡು, ದಂಡೆಯಲ್ಲಿ ಕಸ ತಿಂದು ಬೆಳೆಯುವ ಹಂದಿ, ನೂರು ಮಾರು ದೂರದಲ್ಲಿ ಹೊಸ ಬಡಾವಣೆ: ವೈರಸ್ಸಿಗೆ ಬೇಕಾದ ಸಾಮಾನೆಲ್ಲ ಅಲ್ಲಿ ಒಟ್ಟಿಗೆ ಸಿಗುತ್ತವೆ. 2018ರಿಂದ ನಮ್ಮದೇ ಸಂಸ್ಕರಿಸಿದ ಕೊಳಚೆ ನೀರು ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಕೋಲಾರದ ಕೆರೆಗಳನ್ನು ತುಂಬುತ್ತಿದೆ. ಅದರಿಂದ ಗದ್ದೆ, ಸೊಳ್ಳೆ, ನೀರಹಕ್ಕಿಗಳ ಲೆಕ್ಕ ಹೇಗೆ ಬದಲಾಗಿದೆ ಎಂದು ಅಳೆಯುವುದು ಕೀಟತಜ್ಞರ ಕೆಲಸ. ಸಂಜೆ ಕತ್ತಲಾಗುವಾಗ ಕೊಟ್ಟಿಗೆಯ ಬಳಿ ಟಾರ್ಚ್ ಹಿಡಿದು, ಗಾಜಿನ ಕೊಳವೆಯಲ್ಲಿ ಸೊಳ್ಳೆ ಹೀರಿ, ಒಬ್ಬರು ಒಂದು ಗಂಟೆಯಲ್ಲಿ ಎಷ್ಟು ಹಿಡಿದರು ಎಂದು ಎಣಿಸುವ ಕೆಲಸ ಅದು. ಕೀಟಶಾಸ್ತ್ರಜ್ಞರ ಹುದ್ದೆ ಖಾಲಿ ಬಿದ್ದರೆ ಯಾವ ಪತ್ರಿಕೆಯಲ್ಲೂ ಸುದ್ದಿಯಾಗುವುದಿಲ್ಲ.

ಹೊಗೆ, ಹಂದಿ, ಲಸಿಕೆ

ಜೆಇ ಎಂದ ಕೂಡಲೇ ಮೂರು ಬೇಡಿಕೆ ಏಳುತ್ತವೆ. ಹೊಗೆ ಹೊಡೀರಿ, ಹಂದಿ ಓಡಿಸಿ, ಎಲ್ಲರಿಗೂ ಲಸಿಕೆ ಹಾಕಿ.

ಹೊಗೆಯ ಪರ ವಾದವನ್ನು ತಳ್ಳಿಹಾಕುವಂತಿಲ್ಲ. ವೈರಸ್ ಹೊತ್ತ ಸೊಳ್ಳೆಗಳು ಈಗಾಗಲೇ ಹಾರುತ್ತಿರುವಾಗ ಅವನ್ನು ಕೊಲ್ಲಲು ಬೇರೆ ದಾರಿಯಿಲ್ಲ. ಆದರೆ ಹೊಗೆ ಆ ಹೊತ್ತಿಗೆ ಹಾರಾಡುವ ಸೊಳ್ಳೆಯನ್ನಷ್ಟೇ ಕೊಲ್ಲುತ್ತದೆ, ನೀರಿನಲ್ಲಿರುವ ಮರಿಯನ್ನಲ್ಲ. ಜೆಇ ಸೊಳ್ಳೆ ಚುರುಕಾಗುವುದು ಮುಸ್ಸಂಜೆಯಿಂದ. ಬೆಳಿಗ್ಗೆ ಹತ್ತು ಗಂಟೆಗೆ ಹೊಗೆ ಬಿಟ್ಟರೆ ಫೋಟೊ ಚೆನ್ನಾಗಿ ಬರುತ್ತದೆ, ಅಷ್ಟೇ. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ಎಂದು ಘೋಷಿಸಿ, ನೀರು ನಿಲ್ಲಿಸಿದ ಮನೆಗಳಿಗೆ ದಂಡ ವಿಧಿಸುವ ನಿಯಮ ತಂದಿತು. ಮನೆಯ ಡ್ರಮ್ಮು, ಹೂಕುಂಡಗಳ ಸೊಳ್ಳೆಗೆ ಅದು ತಕ್ಕ ಮದ್ದು. ಗದ್ದೆ ಸೊಳ್ಳೆಗೆ ಅದು ಮುಟ್ಟುವುದೇ ಇಲ್ಲ. ಅಲ್ಲಿ ನೀರನ್ನು ಒಮ್ಮೆ ಬಿಟ್ಟು ಒಮ್ಮೆ ಒಣಗಿಸುವ ಬೇಸಾಯ, ಕೆರೆಗೆ ಸೊಳ್ಳೆ ಮರಿ ತಿನ್ನುವ ಗಪ್ಪಿ ಮೀನು ಇಂಥವು ಬೇಕು. ಅದಕ್ಕೆ ಮೊದಲೇ ಯೋಜನೆ ಬೇಕು, ಕಾಯಿಲೆ ಬಂದ ವಾರ ಮಾಡಲಾಗುವುದಿಲ್ಲ.

ಹಂದಿ ವಿಷಯ ಇನ್ನೂ ಸೂಕ್ಷ್ಮ. ಒಮ್ಮೆ ಸೋಂಕು ತಗಲಿದ ಹಂದಿಗೆ ರೋಗನಿರೋಧಕ ಶಕ್ತಿ ಬರುತ್ತದೆ, ಆಮೇಲೆ ಅದು ವೈರಸ್ ಬೆಳೆಸುವುದಿಲ್ಲ. ಅಪಾಯ ಇರುವುದು ಹೊಸ ಮರಿಗಳಲ್ಲಿ. ಗಾಬರಿಯಲ್ಲಿ ದೊಡ್ಡ ಹಂದಿಗಳನ್ನು ಕೊಂದು, ಆರು ತಿಂಗಳ ನಂತರ ಅದೇ ಜಾಗಕ್ಕೆ ಮರಿಗಳು ಬಂದರೆ ವೈರಸ್ಸಿಗೆ ಹಬ್ಬ. ಹಂದಿ ಸಾಕಿ ಬದುಕುವ ಕುಟುಂಬಗಳು ನಗರದ ಬಡವರಲ್ಲಿ ಬಡವರು. ಪರಿಹಾರವಿಲ್ಲದೆ ಕೊಲ್ಲಲು ಹೊರಟರೆ ರಾತ್ರೋರಾತ್ರಿ ಹಂದಿಗಳನ್ನು ಪಕ್ಕದ ತಾಲ್ಲೂಕಿಗೆ ಸಾಗಿಸುತ್ತಾರೆ, ಜೊತೆಗೆ ವೈರಸ್ಸೂ ಹೋಗುತ್ತದೆ. ಜನವಸತಿಯಿಂದ ದೂರ, ಸೊಳ್ಳೆ ಪರದೆಯ ಗೂಡು ಎಂಬ ಸಲಹೆಗೆ ದುಡ್ಡು ಬೇಕು, ಆದರೆ ಅದು ಫಲ ಕೊಡುವ ದಾರಿ.

ಲಸಿಕೆ ನಿಜವಾದ ಅಸ್ತ್ರ. ಗೋರಖ್‌ಪುರದ ನಂತರ 2006ರಲ್ಲಿ ದೇಶದ 11 ಜಿಲ್ಲೆಗಳಲ್ಲಿ ಅಭಿಯಾನ ನಡೆದಾಗ ಕರ್ನಾಟಕದಿಂದ ಬಳ್ಳಾರಿ ಅದರಲ್ಲಿತ್ತು. 2022ರ ಡಿಸೆಂಬರ್‌ನಲ್ಲಿ ರಾಮನಗರ, ತುಮಕೂರು, ಹಾಸನ ಸೇರಿ ಇನ್ನೂ 10 ಜಿಲ್ಲೆಗಳ 1ರಿಂದ 15 ವರ್ಷದ 48 ಲಕ್ಷ ಮಕ್ಕಳ ಗುರಿ ಇಟ್ಟುಕೊಂಡು ಅಭಿಯಾನ ಶುರುವಾಯಿತು. ರೋಗ ಇರುವ ಜಿಲ್ಲೆಗಳಲ್ಲಿ 9 ತಿಂಗಳಿಗೆ ಒಂದು, 16ರಿಂದ 24 ತಿಂಗಳೊಳಗೆ ಇನ್ನೊಂದು ಡೋಸ್ ಈಗ ಮಾಮೂಲಿ ಪಟ್ಟಿಯಲ್ಲೇ ಇದೆ. ಆದರೆ ರೋಗ ಹರಡುತ್ತಿರುವಾಗ ಹಾಕಿದ ಲಸಿಕೆ ಆ ಹೊತ್ತಿನ ಬೆಂಕಿಯನ್ನು ಆರಿಸುವುದಿಲ್ಲ. ಶಕ್ತಿ ಬರಲು ವಾರಗಳು ಬೇಕು, ಅಷ್ಟರಲ್ಲಿ ಸೊಳ್ಳೆಯ ಕಾಲವೇ ಮುಗಿದಿರುತ್ತದೆ. ಅದರ ಫಲ ಮುಂದಿನ ವರ್ಷಕ್ಕೆ.

ದೊಡ್ಡವರಿಗೂ ಕೊಡಬೇಕೇ ಎಂಬ ಪ್ರಶ್ನೆಗೆ ಎರಡು ಕಡೆಯೂ ಹುರುಳಿದೆ. ಮಕ್ಕಳು ಲಸಿಕೆಯಿಂದ ಸುರಕ್ಷಿತರಾದಷ್ಟೂ ಉಳಿದ ಪ್ರಕರಣಗಳಲ್ಲಿ ವಯಸ್ಕರ ಪಾಲು ಏರುತ್ತದೆ. ಅಸ್ಸಾಂನಲ್ಲಿ ಹೀಗಾಗಿ ವಯಸ್ಕರಿಗೂ ಲಸಿಕೆ ಹಾಕಿದರು. ದೆಹಲಿಯ ರೋಗಿಯ ವಯಸ್ಸು 72 ಎಂಬುದು ನೆನಪಿರಲಿ. ಆದರೆ ಕೋಟಿಗೂ ಮೀರಿದ ಜನರ ಬೆಂಗಳೂರಿನಲ್ಲಿ ಎಲ್ಲ ವಯಸ್ಕರಿಗೂ ಕೊಡುವುದಕ್ಕಿಂತ, ಲಸಿಕೆ ಇಲ್ಲದ ಜಿಲ್ಲೆ, ರಾಜ್ಯಗಳಿಂದ ಕೆಲಸಕ್ಕೆಂದು ಬಂದು ನಗರದ ಅಂಚಿನ ಶೆಡ್ಡುಗಳಲ್ಲಿರುವ ಕುಟುಂಬಗಳ ಮಕ್ಕಳ ತಾಯಿ ಕಾರ್ಡ್ ತಪಾಸಣೆ ಮಾಡಿದರೆ ಹೆಚ್ಚು ಪ್ರಯೋಜನ. ಅವರ ಹೆಸರು ಯಾವ ಅಂಗನವಾಡಿಯ ಪುಸ್ತಕದಲ್ಲೂ ಇರುವುದಿಲ್ಲ.

ಸರ್ಕಾರದ ಪ್ರಕಟಣೆಯಲ್ಲಿ ‘ಆತಂಕ ಬೇಡ’ ಎಂಬ ಸಾಲಿನ ಬದಲು ಬೇರೆ ಮಾಹಿತಿ ಇರಬಹುದಿತ್ತು. ಹೆಸರು, ಮನೆ ನಂಬರ್ ಬಿಟ್ಟು, ವಯಸ್ಸು, ತಾಲ್ಲೂಕು ಅಥವಾ ವಾರ್ಡು, ಲಕ್ಷಣ ಶುರುವಾದ ದಿನ, ಬೆನ್ನಿನ ನೀರು ಪರೀಕ್ಷೆ ಆಯಿತೇ, ಯಾವ ದಿನದ ಮಾದರಿ. ಇಷ್ಟು ಕೊಟ್ಟರೆ ಊರಿನ ವೈದ್ಯರೇ ಅರ್ಧ ಕಥೆ ಓದಿಕೊಳ್ಳುತ್ತಾರೆ. ಖಾಸಗಿತನದ ನೆಪ ಇಲ್ಲಿ ನಿಲ್ಲುವುದಿಲ್ಲ. ಅಂಕಿ ಕೊಟ್ಟರೆ ಗಾಬರಿಯಾಗುತ್ತದೆ ಎಂಬ ಅಧಿಕಾರಿಗಳ ಅಳಲು ಒಂದು ಮಟ್ಟಕ್ಕೆ ನಿಜ. ಆದರೆ ಅಂಕಿ ಕೊಡದಿದ್ದಾಗ ಆ ಜಾಗವನ್ನು ವಾಟ್ಸ್ಆ್ಯಪ್ ತುಂಬುತ್ತದೆ.

ಉಳಿದ 97

ಗುಜರಾತಿನ ಲೆಕ್ಕಕ್ಕೆ ವಾಪಸು ಬಂದರೆ, 148ರಲ್ಲಿ 51 ಕಳೆದು ಉಳಿದ 97ರಲ್ಲಿ ಕೆಲವರಿಗೆ ಬೇರೆ ರೋಗ ಇದ್ದಿರಬಹುದು, ಕೆಲವರ ಮಾದರಿ ತಪ್ಪು ದಿನ ತೆಗೆದದ್ದಿರಬಹುದು. ಅವರ ರಕ್ತ, ಬೆನ್ನಿನ ನೀರು ಸರಿಯಾಗಿ ತಣ್ಣಗೆ ಉಳಿದರೆ ಇಂದು ಸಿಗದ ಉತ್ತರ ಇನ್ನೊಂದು ದಿನ ಸಿಗಬಹುದು.

ಚಾಂದಿಪುರ ವೈರಸ್ ಕಥೆಯೇ ಹಾಗೆ. ಅದನ್ನು ಮೊದಲು ಬೇರ್ಪಡಿಸಿದ್ದು 1965ರಲ್ಲಿ, ನಾಗ್ಪುರದ ಹತ್ತಿರದ ಚಾಂದಿಪುರ ಎಂಬ ಹಳ್ಳಿಯಲ್ಲಿ ಜ್ವರ ಬಂದಿದ್ದವರ ರಕ್ತದಿಂದ. ಆಗ ಪುಣೆಯ ವಿಜ್ಞಾನಿಗಳು ಹುಡುಕುತ್ತಿದ್ದುದು ಬೇರೆ ವೈರಸ್‌ಗಳನ್ನು. ಮಧ್ಯೆ ಸಿಕ್ಕ ಈ ಅಪರಿಚಿತನಿಂದ ದೊಡ್ಡ ಅಪಾಯವೇನೂ ಕಾಣಲಿಲ್ಲ, ಊರಿನ ಹೆಸರಿಟ್ಟು ಫ್ರೀಜರಿಗೆ ಹಾಕಿದರು. 38 ವರ್ಷದ ನಂತರ, 2003ರಲ್ಲಿ ಆಂಧ್ರಪ್ರದೇಶದಲ್ಲಿ 329 ಮಕ್ಕಳು ಮೆದುಳು ಜ್ವರಕ್ಕೆ ತುತ್ತಾಗಿ 183 ಮಕ್ಕಳು ಸತ್ತಾಗ, ಜೆಇ ಪರೀಕ್ಷೆಗಳು ಉತ್ತರ ಕೊಡದೆ ಇದ್ದಾಗ, ಹೊಂದಿಸಿ ನೋಡಲು ಆ ಹಳೆಯ ಸೀಸೆ ಅಲ್ಲಿತ್ತು.